ಪ್ಯಾರಿಸ್–ರೂಬೆ ಸೈಕಲ್ ಪಂದ್ಯವೂ ಅದರ ಪ್ರೇಕ್ಷಕರೂ

ಆಟಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆಟಗಾರರನ್ನು ಕುರಿತೇ ಬರೆಯುತ್ತಾರೆ. ಗೆದ್ದವನು ಯಾರು, ಎಷ್ಟು ಹೊತ್ತಿನಲ್ಲಿ ಗೆದ್ದನು, ಸೋತವನು ಎಲ್ಲಿ ತಪ್ಪಿದನು ಎಂಬುದೇ ಆ ಬರಹಗಳ ವಸ್ತು. ಇದು ಸಹಜವೇ ಆಗಿದೆ. ಆದರೆ ಕಾವ್ಯಕ್ಕೆ ಸಹೃದಯನು ಬೇಕು, ನಾಟಕಕ್ಕೆ ಪ್ರೇಕ್ಷಕನು ಬೇಕು ಎಂದು ನಾವು ಕಾವ್ಯಮೀಮಾಂಸೆಯ ತರಗತಿಯಲ್ಲಿ ಓದುತ್ತೇವಲ್ಲವೇ? ಆಟಕ್ಕೂ ಆ ಮಾತು ಸಲ್ಲುತ್ತದೆ. ನೋಡುವವನು ಆಟದ ಹೊರಗೆ ನಿಂತವನಂತೆ ಕಂಡರೂ ಎಷ್ಟೋ ವೇಳೆ ಅವನು ಆಟದ ಒಳಗೇ ಇರುತ್ತಾನೆ. ಯೂರೋಪಿನಲ್ಲಿ ನಡೆಯುವ ಒಂದು ದಿನದ ಸೈಕಲ್ ಪಂದ್ಯಗಳಲ್ಲಿ ಈ ಸಂಗತಿ ಎದ್ದು ಕಾಣುತ್ತದೆ. ಅಂಥ ಪಂದ್ಯಗಳಲ್ಲಿ ಬಹು ಪ್ರಸಿದ್ಧವಾದ ಪ್ಯಾರಿಸ್–ರೂಬೆ ಪಂದ್ಯವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಆ ವಿಚಾರವನ್ನು ವಿವರಿಸಲು ಈ ಲೇಖನದಲ್ಲಿ ಯತ್ನಿಸಿದ್ದೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿಸಿದವನು ವಿದ್ಯಾರ್ಥಿನಿಲಯದ ನನ್ನ ಗೆಳೆಯ. ಅವನು ಜಮಖಂಡಿ ಕಡೆಯವನು, ಸ್ವತಃ ಸೈಕಲ್ ಸವಾರ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಮ್ಮ ರಾಜ್ಯದ ಸೈಕಲ್ ಪಟುಗಳ ತವರುಮನೆ ಎಂಬುದು ಬಹುಮಂದಿಗೆ ತಿಳಿದಿದೆ. 2025ನೆಯ ಇಸವಿ ಏಪ್ರಿಲ್ 13, ಭಾನುವಾರದ ಸಂಜೆ ಅವನು ತನ್ನ ಮೊಬೈಲಿನಲ್ಲಿ ಆ ವರ್ಷದ ಪಂದ್ಯವನ್ನು ತೋರಿಸಿದನು. ಹೊಲಗಳ ನಡುವೆ ಕಲ್ಲು ಹಾಸಿದ ಕಿರುದಾರಿ. ಎರಡು ಬದಿಗೂ ಜನವೋ ಜನ. ನಡುವೆ ಒಬ್ಬನೇ ಸವಾರ. “ಟಿಕೆಟ್ ಎಷ್ಟು?” ಎಂದು ನಾನು ಕೇಳಿದೆನು. “ಟಿಕೆಟ್ ಇಲ್ಲ ಏನೂ ಇಲ್ಲ. ಆದರ ಮಂದಿ ಎಷ್ಟ ಹತ್ರ ನಿಂತಾರ ನೋಡು. ಒಬ್ಬಾಂವ ಕೈ ಚಾಚಿದರ ಅವನ ಕತೆ ಮುಗೀತು” ಎಂದನು. ಅವನ ಮಾತಿನಲ್ಲಿದ್ದ ಭಯ ನಿರಾಧಾರವಾದುದಲ್ಲವೆಂದು ಅದೇ ರಾತ್ರಿ ನಮಗೆ ತಿಳಿಯಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಪಂದ್ಯದ ಹುಟ್ಟು

ಸೈಕಲ್ ಪಂದ್ಯವೆಂದರೆ ನಮ್ಮಲ್ಲಿ ಹೆಚ್ಚು ಮಂದಿಗೆ ನೆನಪಾಗುವುದು ಟೂರ್ ದ ಫ್ರಾನ್ಸ್. ಅದು ಮೂರು ವಾರ ನಡೆಯುವ ಪಂದ್ಯ. ಇಂದು ಹಿಂದೆ ಬಿದ್ದವನು ನಾಳೆ ಮುಂದೆ ಬರಬಹುದು. ಒಂದು ದಿನದ ಪಂದ್ಯದಲ್ಲಿ ಆ ನಾಳೆ ಇಲ್ಲ. ಬೆಳಗ್ಗೆ ಹೊರಟವರು ಸಂಜೆಯೊಳಗೆ ತಮ್ಮ ಭಾಗ್ಯವನ್ನು ನಿರ್ಣಯಿಸಿಕೊಳ್ಳಬೇಕು. ಒಂದು ಪಂಕ್ಚರ್, ಒಂದು ಬೀಳು, ಒಂದು ಅರೆಗಳಿಗೆಯ ಅಲಕ್ಷ್ಯ ಸಾಕು, ವರ್ಷದ ಸಿದ್ಧತೆ ಮಣ್ಣುಪಾಲಾಗುತ್ತದೆ. ಇಂಥ ಪಂದ್ಯಗಳಲ್ಲಿ ಐದನ್ನು ಅತಿ ಶ್ರೇಷ್ಠವೆಂದು ಎಣಿಸುವ ರೂಢಿಯಿದೆ: ಇಟಲಿಯ ಮಿಲಾನ್–ಸಾನ್ ರೆಮೊ ಮತ್ತು ಲೊಂಬಾರ್ಡಿ, ಬೆಲ್ಜಿಯಂನ ಫ್ಲಾಂಡರ್ಸ್ ಮತ್ತು ಲಿಯೇಜ್–ಬಾಸ್ಟೋನ್–ಲಿಯೇಜ್, ಹಾಗೂ ಫ್ರಾನ್ಸಿನ ಪ್ಯಾರಿಸ್–ರೂಬೆ.

ರೂಬೆ ಎಂಬುದು ಫ್ರಾನ್ಸಿನ ಉತ್ತರದ ತುದಿಯಲ್ಲಿ, ಬೆಲ್ಜಿಯಂ ಗಡಿಗೆ ತಾಗಿದಂತೆ ಇರುವ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬಟ್ಟೆ ಗಿರಣಿಗಳಿಗೆ ಹೆಸರಾಗಿತ್ತು. ಅಲ್ಲಿಯ ಇಬ್ಬರು ಗಿರಣಿ ಒಡೆಯರು, ಥಿಯೋಡರ್ ವಿಯೆನ್ ಮತ್ತು ಮಾರಿಸ್ ಪೆರೆಜ್ ಎಂಬವರು, 1895ರಲ್ಲಿ ಒಂದು ವೆಲೊಡ್ರೋಮನ್ನು, ಎಂದರೆ ಸೈಕಲ್ ಓಟದ ಅಂಗಳವನ್ನು, ಕಟ್ಟಿಸಿದರು. ಆ ಅಂಗಳಕ್ಕೆ ಜನರನ್ನು ಸೆಳೆಯುವ ಉಪಾಯವಾಗಿ ಅವರು ಪ್ಯಾರಿಸ್ಸಿನಿಂದ ತಮ್ಮ ಊರಿನವರೆಗೆ ಒಂದು ಪಂದ್ಯವನ್ನು ಯೋಚಿಸಿ, ‘ಲೆ ವೆಲೊ’ ಎಂಬ ಕ್ರೀಡಾ ಪತ್ರಿಕೆಯ ಬೆಂಬಲವನ್ನು ಪಡೆದರು. 1896ರ ಏಪ್ರಿಲ್ ತಿಂಗಳಲ್ಲಿ ಮೊದಲ ಪಂದ್ಯ ನಡೆದು, ಜರ್ಮನಿಯ ಯೋಸೆಫ್ ಫಿಶರ್ ಸುಮಾರು 280 ಕಿಲೋಮೀಟರು ದಾರಿಯನ್ನು ಒಂಬತ್ತು ಗಂಟೆಗೂ ಸ್ವಲ್ಪ ಹೆಚ್ಚು ಕಾಲದಲ್ಲಿ ಕ್ರಮಿಸಿ ಗೆದ್ದನು. ಅಂದು ಮೂರನೆಯವನಾಗಿ ಬಂದವನು ಮಾರಿಸ್ ಗಾರೆನ್. ಹುಟ್ಟಿನಿಂದ ಇಟಲಿಯವನು, ಬಾಲ್ಯದಲ್ಲಿ ಹೊಗೆಗೂಡು ಗುಡಿಸುತ್ತಿದ್ದವನು, ರೂಬೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವನು. 1897 ಮತ್ತು 1898ರಲ್ಲಿ ಇವನೇ ಗೆದ್ದಾಗ ಊರಿನ ಜನ ತಮ್ಮವನೇ ಗೆದ್ದನೆಂದು ಹಿಗ್ಗಿದ್ದರೆ ಆಶ್ಚರ್ಯವೇನು? ಮುಂದೆ 1903ರಲ್ಲಿ ಮೊಟ್ಟಮೊದಲ ಟೂರ್ ದ ಫ್ರಾನ್ಸನ್ನು ಗೆದ್ದವನೂ ಈತನೇ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಅಂಗಳದೊಳಗೆ ಕುಳಿತು ನೋಡುವವನಿಂದ ಹಣ ಪಡೆಯಬಹುದು; 280 ಕಿಲೋಮೀಟರು ದಾರಿಯುದ್ದಕ್ಕೂ ನಿಂತವನಿಂದ ಪಡೆಯುವುದು ಹೇಗೆ? ಆ ಕೆಲಸವನ್ನು ಪತ್ರಿಕೆ ಮಾಡಿತು. ದಾರಿಬದಿಯಲ್ಲಿ ನಿಂತವನಿಗೆ ಪಂದ್ಯದ ಒಂದು ತುಣುಕು ಮಾತ್ರ ಕಾಣುತ್ತದೆ. ಉಳಿದದ್ದೇನಾಯಿತೆಂದು ತಿಳಿಯಲು ಅವನು ಮರುದಿನದ ಪತ್ರಿಕೆಯನ್ನು ಕೊಳ್ಳಲೇಬೇಕು. ಬೆಲ್ಜಿಯಂನ ಫ್ಲಾಂಡರ್ಸ್ ಪಂದ್ಯವನ್ನು 1913ರಲ್ಲಿ ಆರಂಭಿಸಿದುದು ಕೂಡ ‘ಸ್ಪೋರ್ಟ್‌ವೆರೆಲ್ಡ್’ ಎಂಬ ಪತ್ರಿಕೆಯೇ. ಕಣ್ಣಿಗೆ ಕಾಣದ್ದನ್ನು ಪತ್ರಿಕೆಗಳು ಬಣ್ಣಿಸಿ ತುಂಬಿಕೊಟ್ಟವು. ಸವಾರರು ವೀರರಾದದ್ದು ಅರ್ಧ ರಸ್ತೆಯ ಮೇಲೆ, ಅರ್ಧ ಅಚ್ಚಿನಮನೆಯಲ್ಲಿ ಎಂದರೆ ತಪ್ಪಾಗಲಾರದು. ಇಂದು ಆ ಸ್ಥಾನವನ್ನು ದೂರದರ್ಶನವೂ ಮೊಬೈಲೂ ಹಿಡಿದಿವೆ. ಸವಾರನಿಗೆ ಸಂಬಳ ಕೊಡುವವರು ಅವನ ಅಂಗಿಯ ಮೇಲೆ ಹೆಸರು ಬರೆಸಿದ ವ್ಯಾಪಾರ ಸಂಸ್ಥೆಗಳು. ಆ ಸಂಸ್ಥೆಗಳು ಹಣ ಸುರಿಯುವುದು ನೋಡುವವರು ಇರುವುದರಿಂದ. ಆದುದರಿಂದ ಚಿಕ್ಕಾಸೂ ಕೊಡದ ದಾರಿಬದಿಯ ಪ್ರೇಕ್ಷಕನೇ ಈ ಆಟದ ಮೂಲಧನವೆಂದು ಹೇಳಬೇಕಾಗುತ್ತದೆ.

ಎಂಟು ಸೆಕೆಂಡಿನ ದರ್ಶನ

ಹೆಸರು ಪ್ಯಾರಿಸ್–ರೂಬೆ ಎಂದಿದ್ದರೂ 1977ರಿಂದ ಪಂದ್ಯ ಹೊರಡುವುದು ಪ್ಯಾರಿಸ್ಸಿನ ಉತ್ತರಕ್ಕಿರುವ ಕಾಂಪಿಯೆನ್ ಎಂಬ ಊರಿನಿಂದ. ಒಟ್ಟು ದೂರ ಸುಮಾರು 260 ಕಿಲೋಮೀಟರು. ಅದರಲ್ಲಿ ಸುಮಾರು 55 ಕಿಲೋಮೀಟರು ಹಳೆಯ ಕಲ್ಲುಹಾಸಿನ ದಾರಿ. 2025ರಲ್ಲಿ ಈ ಕಲ್ಲುದಾರಿ 30 ತುಂಡುಗಳಾಗಿ ಹಂಚಿಕೊಂಡಿತ್ತು. ಇವು ಪೇಟೆಯ ನುಣುಪಾದ ಚಪ್ಪಡಿಗಳಲ್ಲ. ಬೀಟುಗೆಡ್ಡೆಯ ಬಂಡಿಗಳು ಓಡಾಡಲೆಂದು ಹಿಂದಿನವರು ಹೂಳಿದ ಒರಟು ಕಲ್ಲುಗಳು. ಕಲ್ಲಿಗೂ ಕಲ್ಲಿಗೂ ನಡುವೆ ಬೆರಳು ತೂರುವ ಸಂದು. ಬಿಸಿಲಿದ್ದರೆ ಧೂಳು, ಮಳೆ ಬಂದರೆ ಕೆಸರು.

ಪ್ರೇಕ್ಷಕರು ಸೇರುವುದು ಈ ಕಲ್ಲುದಾರಿಗಳ ಬಳಿಯೇ. ಬೆಳಗ್ಗೆಯೇ ಬಂದು ಹೊಲದ ಬದುವಿನಲ್ಲಿ ಜಾಗ ಹಿಡಿಯುತ್ತಾರೆ. ಗಡಿ ದಾಟಿ ಬಂದ ಬೆಲ್ಜಿಯಂನವರು ಹಳದಿ ಬಟ್ಟೆಯ ಮೇಲೆ ಕಪ್ಪು ಸಿಂಹವಿರುವ ಫ್ಲಾಂಡರ್ಸಿನ ಬಾವುಟವನ್ನು ನೆಡುತ್ತಾರೆ. ಕರಿದ ಆಲೂಗಡ್ಡೆ, ಬಿಯರು, ಹರಟೆ, ಹಾಡು. ಗಂಟೆಗಟ್ಟಲೆ ಕಾದ ಮೇಲೆ ಮೊದಲು ಪೋಲೀಸರ ಮೋಟಾರು ಸೈಕಲ್ಲುಗಳು, ಅನಂತರ ಕಾರುಗಳು, ಮೇಲೆ ಹೆಲಿಕಾಪ್ಟರಿನ ಸದ್ದು, ಆಮೇಲೆ ಸವಾರರು. ಅವರು ಕಣ್ಣಿಗೆ ಬೀಳುವುದು ಎಷ್ಟು ಹೊತ್ತು? ಲೆಕ್ಕ ಹಾಕೋಣ. ಗಂಟೆಗೆ 45 ಕಿಲೋಮೀಟರು ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೀಟರು. 100 ಮೀಟರು ಉದ್ದಕ್ಕೆ ಹರಡಿಕೊಂಡ ಗುಂಪೊಂದು ನಮ್ಮ ಕಣ್ಣ ಮುಂದೆ ದಾಟಿಹೋಗಲು ಬೇಕಾದುದು ಕೇವಲ ಎಂಟು ಸೆಕೆಂಡು. ಇಷ್ಟಕ್ಕಾಗಿ ಒಂದು ಇಡೀ ದಿನ!

ಹೊರಗಿನವರಿಗೆ ಇದು ಮರುಳೆನಿಸಬಹುದು. ಆದರೆ ಜಾತ್ರೆಯ ತೇರನ್ನು ಕಾಯುವ ಜನರನ್ನು ಕಂಡ ನಮಗೆ ಹಾಗೆ ಅನ್ನಿಸಬೇಕಾಗಿಲ್ಲ. ಬೆಳಗಿನಿಂದ ಬಿಸಿಲಿನಲ್ಲಿ ನಿಂತವರು ತೇರು ಮುಂದೆ ಹಾಯುವ ಒಂದು ಗಳಿಗೆಗಾಗಿ ಉತ್ತತ್ತಿ ಬಾಳೆಹಣ್ಣು ಹಿಡಿದು ಕಾದಿರುತ್ತಾರೆ. ಕಾಯುವುದೂ ಹಬ್ಬದ ಒಂದು ಅಂಗವೇ. ಜಾಣ ಪ್ರೇಕ್ಷಕರಂತೂ ಒಂದೇ ಕಡೆ ನಿಲ್ಲುವುದಿಲ್ಲ. ನಕ್ಷೆ ಬಿಡಿಸಿಕೊಂಡು, ಒಳದಾರಿಗಳಲ್ಲಿ ಕಾರು ಓಡಿಸಿ, ಅದೇ ಪಂದ್ಯವನ್ನು ಮೂರು ನಾಲ್ಕು ಕಡೆ ಹಿಡಿಯುತ್ತಾರೆ.

ಇನ್ನೂ ಒಂದು ಮಾತು. ಈ ದಾರಿಬದಿಯ ಜನರು ಬರಿಯ ನೋಟಕರಾಗಿ ಉಳಿಯುವುದಿಲ್ಲ. ಕಲ್ಲುದಾರಿಯ ಅಂಚಿನಲ್ಲಿ ತಂಡದ ಸಹಾಯಕರು ಬದಲಿ ಚಕ್ರ ಹಿಡಿದು ನಿಂತಿರುತ್ತಾರೆ. ಬಿದ್ದವನನ್ನು ಎತ್ತಿ ನಿಲ್ಲಿಸುವವರು, ಸೈಕಲ್ಲನ್ನು ಹಿಡಿದು ಕೊಡುವವರು, ಬೆನ್ನಿಗೆ ಕೈ ಕೊಟ್ಟು ನೂಕುವವರು ಹಲವರು. ಎಲ್ಲರಿಗಿಂತ ಕಡೆಯಲ್ಲಿ, ಮೈತುಂಬ ಧೂಳು ಹೊತ್ತು, ಗೆಲ್ಲುವ ಆಸೆ ಎಂದೋ ಮುಗಿದ ಸವಾರನು ಬಂದಾಗಲೂ ಅವರು ಚಪ್ಪಾಳೆ ತಟ್ಟುತ್ತಾರೆ. ನನ್ನ ಗೆಳೆಯ ಈ ವಿಷಯದಲ್ಲಿ ತನ್ನ ಅನುಭವವೊಂದನ್ನು ಹೇಳಿದನು. ಅವನ ಕಡೆಯ ರಸ್ತೆಯಲ್ಲಿ ಒಮ್ಮೆ ಪಂದ್ಯದಲ್ಲಿ ಬಿದ್ದಾಗ, ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮುದುಕನು ಬಂದು ಗಾಯಕ್ಕೆ ನೀರು ಸುರಿದು, “ಹತ್ತೋ ತಮ್ಮಾ, ಇನ್ನಾ ದಾರಿ ಐತಿ” ಎಂದನಂತೆ. “ಅವತ್ತ ಎಷ್ಟನೇ ನಂಬರ್ ಬಂದೆ ಅನ್ನೂದು ಮರತೀನಿ. ಆ ಮಾತು ಮರತಿಲ್ಲ” ಎನ್ನುತ್ತಾನೆ.

ಪ್ರೀತಿಯ ಪರಿ

ಪ್ರೇಕ್ಷಕರ ಮನಸ್ಸು ಯಾರ ಕಡೆಗೆ ಒಲಿಯುತ್ತದೆ? ಮೊದಲನೆಯದಾಗಿ ತಮ್ಮ ನಾಡಿನವನ ಕಡೆಗೆ. ಈ ಪಂದ್ಯವನ್ನು ನಾಲ್ಕು ಬಾರಿ ಗೆದ್ದ ರೋಜರ್ ಡಿ ವ್ಲಾಮಿಂಕ್, ಟಾಮ್ ಬೂನೆನ್ ಇಬ್ಬರೂ ಬೆಲ್ಜಿಯಂನವರು. ಫ್ರೆಂಚ್ ಪುರುಷರಲ್ಲಿ 1997ರಲ್ಲಿ ಫ್ರೆಡರಿಕ್ ಗೆಡಾನ್ ಗೆದ್ದ ಮೇಲೆ 2025ರವರೆಗೂ ಯಾರೂ ಗೆದ್ದಿರಲಿಲ್ಲ. ಆದರೆ ಆ 2025ರ ಏಪ್ರಿಲ್ 12ರಂದು, ಮಹಿಳೆಯರ ಪಂದ್ಯದಲ್ಲಿ ಫ್ರಾನ್ಸಿನ ಪಾಲಿನ್ ಫೆರಾಂ-ಪ್ರೆವೊ ಒಬ್ಬಳೇ ವೆಲೊಡ್ರೋಮಿನೊಳಗೆ ಬಂದಾಗ, ಅಷ್ಟು ವರ್ಷಗಳ ಹಸಿವು ಒಮ್ಮೆಗೇ ಹಿಂಗಿದಂತೆ ಅಂಗಳ ಭೋರ್ಗರೆಯಿತು. ಮಹಿಳೆಯರ ಪಂದ್ಯ ಮೊದಲು ನಡೆದುದೇ 2021ರ ಅಕ್ಟೋಬರ್ 2ರಂದು ಎಂಬುದನ್ನು ಇಲ್ಲಿ ನೆನೆಯಬೇಕು. ಅಂದು ಗೆದ್ದ ಇಂಗ್ಲೆಂಡಿನ ಲಿಜ್ಜಿ ಡೀಗ್ನನ್ ಕೈಗವಸಿಲ್ಲದೆ ಸವಾರಿ ಮಾಡಿ, ಆಕೆಯ ಹ್ಯಾಂಡಲಿನ ಮೇಲೆ ರಕ್ತದ ಕಲೆ ಉಳಿದಿತ್ತು. ಪುರುಷರ ಪಂದ್ಯಕ್ಕೂ ಇದಕ್ಕೂ ನಡುವೆ ನೂರಿಪ್ಪತ್ತೈದು ವರ್ಷಗಳ ಅಂತರವಿದ್ದರೂ ಜನರು ಇದನ್ನು ತಮ್ಮದಾಗಿಸಿಕೊಳ್ಳಲು ಹೆಚ್ಚು ಕಾಲ ಹಿಡಿಯಲಿಲ್ಲ.

ಎರಡನೆಯದಾಗಿ ಜನರು ಒಲಿಯುವುದು ಕಷ್ಟಪಟ್ಟವನಿಗೆ. ಇದಕ್ಕೆ ನಾಡಿನ ಭೇದವಿಲ್ಲ. ಬೆಲ್ಜಿಯಂನ ಯೋಹಾನ್ ಮುಸೇವ್ 1998ರಲ್ಲಿ ಅರೆನ್‌ಬರ್ಗ್ ಕಾಡಿನ ಕಲ್ಲುದಾರಿಯಲ್ಲಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡನು. ಗಾಯಕ್ಕೆ ನಂಜೇರಿ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಿತ್ತು. ಎರಡು ವರ್ಷಗಳ ಅನಂತರ, 2000ದಲ್ಲಿ, ಅವನೇ ಮೊದಲಿಗನಾಗಿ ರೂಬೆಗೆ ಬಂದು, ಗೆಲುವಿನ ಗೆರೆಯ ಬಳಿ ಕಾಲನ್ನೆತ್ತಿ ಆ ಮಂಡಿಯನ್ನು ಬೆರಳಿನಿಂದ ತೋರಿಸಿದನು. ನೋಡುತ್ತಿದ್ದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಏಕೆಂದರೆ ಅವರು ಆ ಬೀಳನ್ನೂ ಬಲ್ಲವರು. 2016ರಲ್ಲಿ ಜನ ಕಾದಿದ್ದುದು ಬೂನೆನ್ನನ ಐದನೆಯ ಗೆಲುವಿಗಾಗಿ. ಗೆದ್ದವನು ಆಸ್ಟ್ರೇಲಿಯದ ಮ್ಯಾಥ್ಯೂ ಹೇಮನ್. ಅವನು 15ನೆಯ ಸಲ ಈ ಪಂದ್ಯಕ್ಕೆ ಇಳಿದವನು. ಕೆಲವು ವಾರಗಳ ಹಿಂದಷ್ಟೇ ತೋಳು ಮುರಿದುಕೊಂಡವನು. ಇತರರ ಗೆಲುವಿಗಾಗಿ ವರ್ಷಗಟ್ಟಲೆ ದುಡಿದ ಸವಾರನೊಬ್ಬನು ಕಡೆಗೊಮ್ಮೆ ತನಗಾಗಿ ಗೆದ್ದುದನ್ನು ಕಂಡು, ಬೂನೆನ್ನನ ಅಭಿಮಾನಿಗಳಲ್ಲಿಯೂ ಹಲವರು ನೋವಿನ ನಡುವೆ ಸಂತೋಷಪಟ್ಟರು. ರಸಿಕತೆ ಪಕ್ಷಪಾತವನ್ನು ಮೀರುವುದೆಂದರೆ ಇದೇ ಇರಬೇಕು.

ಕಲ್ಲುಗಳನ್ನು ಉಳಿಸಿದವರು

ಪ್ರೇಕ್ಷಕರು ಈ ಪಂದ್ಯಕ್ಕೆ ಮಾಡಿದ ಅತಿ ದೊಡ್ಡ ಉಪಕಾರ ಬೇರೊಂದಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಪಂದ್ಯವನ್ನು ಮತ್ತೆ ನಡೆಸಬಹುದೇ ಎಂದು ನೋಡಲು ಹೋದವರಿಗೆ ದಾರಿಯುದ್ದಕ್ಕೂ ಕಂಡುದು ಮುರಿದ ಮರಗಳು, ಗುಂಡಿ ಬಿದ್ದ ನೆಲ, ಹಾಳೂರುಗಳು. ಅಂದಿನಿಂದ ಈ ಪಂದ್ಯಕ್ಕೆ ‘ಉತ್ತರದ ನರಕ’ ಎಂಬ ಹೆಸರು ನಿಂತಿತು. ಎರಡನೆಯ ಮಹಾಯುದ್ಧದ ಅನಂತರ ನಾಡು ಚೇತರಿಸಿಕೊಂಡಂತೆ ಊರೂರಿನ ಮುಖಂಡರು ಕಲ್ಲುದಾರಿಗಳ ಮೇಲೆ ಡಾಂಬರು ಹಾಕಿಸತೊಡಗಿದರು. ತಮ್ಮ ಊರಿನ ಕೆಟ್ಟ ರಸ್ತೆಯನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡುವುದು ಅವರಿಗೆ ನಾಚಿಕೆಯಾಗಿತ್ತು. ಊರಿನವರ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಕಲ್ಲು ಹೋದರೆ ಪಂದ್ಯದ ಜೀವವೇ ಹೋದಂತೆ.

ಆಗ ಹೊಸ ಕಲ್ಲುದಾರಿಗಳ ಶೋಧ ನಡೆಯಿತು. ಅರೆನ್‌ಬರ್ಗ್ ಕಾಡಿನ ದಾರಿಯನ್ನು ತೋರಿಸಿಕೊಟ್ಟವನು ಜಾಂ ಸ್ಟಾಬ್ಲಿನ್‌ಸ್ಕಿ ಎಂಬ ಸವಾರ. ಯೌವನದಲ್ಲಿ ಅವನು ಅದೇ ನೆಲದಡಿಯ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿದ್ದವನು. ಸುಮಾರು 2.3 ಕಿಲೋಮೀಟರು ಉದ್ದದ ಆ ದಾರಿ 1968ರಲ್ಲಿ ಮೊದಲ ಬಾರಿಗೆ ಪಂದ್ಯಕ್ಕೆ ಸೇರಿತು. ಆ ವರ್ಷ ಗೆದ್ದವನು ಎಡ್ಡಿ ಮರ್ಕ್ಸ್. ಗಣಿ 1989ರಲ್ಲಿ ಮುಚ್ಚಿತು. ಅದರ ಮೇಲಿನ ದಾರಿ ಮಾತ್ರ ಜಗತ್ಪ್ರಸಿದ್ಧವಾಯಿತು.

1980ರ ದಶಕದ ಮೊದಲಲ್ಲಿ ಅಭಿಮಾನಿಗಳೇ ಸೇರಿ ‘ಪ್ಯಾರಿಸ್–ರೂಬೆಯ ಗೆಳೆಯರು’ ಎಂಬ ಸಂಘವನ್ನು ಕಟ್ಟಿದರು. ಇವರ ಕೆಲಸ ಜಯಘೋಷ ಮಾಡುವುದಲ್ಲ. ಸನಿಕೆ ಹಿಡಿದು ಕಲ್ಲು ಕೂರಿಸುವುದು. ಎದ್ದ ಕಲ್ಲನ್ನು ತೆಗೆದು, ಮಣ್ಣು ಹದಮಾಡಿ, ಮತ್ತೆ ಹೂಳಿ, ನೀರು ಹರಿದುಹೋಗಲು ದಾರಿ ಮಾಡುವುದು. ನಾವು ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯವೆಂದರೆ ಆ ಭಾಗದ ತೋಟಗಾರಿಕೆ ಶಾಲೆಯ ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ಕೈಗೂಡಿಸುತ್ತಾರೆ. ಅರೆನ್‌ಬರ್ಗಿನ ಕಲ್ಲುಗಳ ಸಂದಿನಲ್ಲಿ ಬೆಳೆದ ಹುಲ್ಲನ್ನು ಮೇಯಿಸಲು 2023ರಲ್ಲಿ ಆಡಿನ ಹಿಂಡನ್ನು ಬಿಟ್ಟುದೂ ಉಂಟು! 1977ರಿಂದ ಗೆದ್ದವನಿಗೆ ಕೊಡುತ್ತ ಬಂದಿರುವ ಪಾರಿತೋಷಕವೂ ಚಿನ್ನ ಬೆಳ್ಳಿಯದಲ್ಲ. ಪೀಠದ ಮೇಲೆ ಕೂರಿಸಿದ ಒಂದು ಕಲ್ಲು. ವೆಲೊಡ್ರೋಮಿನ ಹಳೆಯ ಸ್ನಾನದ ಮನೆಯಲ್ಲಿ ಸಿಮೆಂಟಿನ ಸಣ್ಣ ಗೂಡುಗಳಿಗೆ ಗೆದ್ದವರ ಹೆಸರಿನ ಹಿತ್ತಾಳೆಯ ಫಲಕಗಳನ್ನು ಹಾಕಿದ್ದಾರೆ.

ಗಡಿಯಾಚೆ ಫ್ಲಾಂಡರ್ಸಿನಲ್ಲಿ ಈ ಅಭಿಮಾನ ಇನ್ನೂ ವಿಚಿತ್ರವಾದ ರೂಪ ತಾಳಿತು. ಅಲ್ಲಿಯ ಪಂದ್ಯದ ಪ್ರಸಿದ್ಧ ಏರುಗಳಲ್ಲಿ ಒಂದಾದ ಪಾಟರ್‌ಬರ್ಗ್ 1986ರಲ್ಲಿ ಸೇರಿದುದು. ಪಂದ್ಯ ತನ್ನ ಹೊಲದ ಬಳಿಯೂ ಹಾಯಬೇಕೆಂಬ ಆಸೆಯಿಂದ ಅಲ್ಲಿಯ ರೈತನೊಬ್ಬನು ಆ ಏರುದಾರಿಗೆ ಕಲ್ಲು ಹಾಸಿಸಿದನೆಂಬ ಕಥೆ ಜನಜನಿತವಾಗಿದೆ. 2012ರಲ್ಲಿ ಪಂದ್ಯದ ಕೊನೆಯನ್ನು ಔಡೆನಾರ್ಡೆ ಪಟ್ಟಣಕ್ಕೆ ಬದಲಾಯಿಸಿ, ಗುಡಿಯುಳ್ಳ ಹಳೆಯ ಏರಾದ ‘ಮೂರ್’ ಅನ್ನು ಕೈಬಿಟ್ಟಾಗ ಜನ ಸುಮ್ಮನಿರಲಿಲ್ಲ, ವರ್ಷಗಟ್ಟಲೆ ಗೊಣಗಿದರು. 2017ರಲ್ಲಿ ಆ ಏರು ಮತ್ತೆ ದಾರಿಯೊಳಗೆ ಬಂದಿತು. ಪಂದ್ಯದ ಹಕ್ಕು ಪತ್ರ ಯಾರ ಹೆಸರಿನಲ್ಲಿಯೇ ಇರಲಿ, ದಾರಿ ತಮ್ಮದೆಂದು ಜನ ಬಗೆಯುತ್ತಾರೆ.

ಆದರೆ ಒಂದು ಮಾತನ್ನು ಮರೆಮಾಚಬಾರದು. ಕಲ್ಲುಗಳನ್ನು ಕೂರಿಸುವ ಅಭಿಮಾನಿಗಳಿರುವಂತೆ, ನೆನಪಿಗೆಂದು ಅವೇ ಕಲ್ಲುಗಳನ್ನು ಕಿತ್ತೊಯ್ಯುವ ಅಭಿಮಾನಿಗಳೂ ಇದ್ದಾರೆ. ಒಂದೇ ಪ್ರೀತಿ ಒಬ್ಬನಿಂದ ಕಟ್ಟಿಸುತ್ತದೆ, ಇನ್ನೊಬ್ಬನಿಂದ ಕೆಡಿಸುತ್ತದೆ. ಇದರ ಇನ್ನೂ ತೀವ್ರವಾದ ರೂಪವನ್ನು ಈಗ ನೋಡೋಣ.

ಎರಡು ಬಾಟಲಿಗಳು

ಸೈಕಲ್ ಸವಾರನು ಕುಡಿದು ಮುಗಿಸಿದ ನೀರಿನ ಬಾಟಲಿಯನ್ನು ದಾರಿಬದಿಗೆ ಎಸೆಯುವುದು, ಹುಡುಗರು ಅದಕ್ಕಾಗಿ ಮುಗಿಬೀಳುವುದು ಹಳೆಯ ವಾಡಿಕೆ. ಪರಿಸರ ರಕ್ಷಣೆ, ಸುರಕ್ಷತೆಗಳ ದೃಷ್ಟಿಯಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2021ರ ಏಪ್ರಿಲ್ ಮೊದಲಲ್ಲಿ ಇದನ್ನು ನಿಷೇಧಿಸಿ, ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಎಸೆಯಬೇಕೆಂದು ವಿಧಿಸಿತು. ಕೆಲವೇ ದಿನಗಳಲ್ಲಿ, ಏಪ್ರಿಲ್ 4ರಂದು ನಡೆದ ಫ್ಲಾಂಡರ್ಸ್ ಪಂದ್ಯದಲ್ಲಿ, ಸ್ವಿಟ್ಜರ್ಲೆಂಡಿನ ಮೈಕೆಲ್ ಶೇರ್ ಎಂಬ ಸವಾರನು ರಸ್ತೆಬದಿಯಲ್ಲಿದ್ದ ಅಭಿಮಾನಿಗಳ ಕಡೆಗೆ ಬಾಟಲಿ ಎಸೆದನೆಂದು ಪಂದ್ಯದಿಂದಲೇ ಹೊರಹಾಕಲ್ಪಟ್ಟನು. ಅವನು ಕೋಪಗೊಂಡು ಜಗಳಕ್ಕೆ ನಿಲ್ಲಲಿಲ್ಲ. ಒಂದು ಪತ್ರ ಬರೆದನು. 1997ರಲ್ಲಿ ತಂದೆತಾಯಿಗಳೊಡನೆ ಟೂರ್ ದ ಫ್ರಾನ್ಸ್ ನೋಡಲು ಹೋದಾಗ ತನಗೆ ಸವಾರನೊಬ್ಬನ ಹಳದಿ ಬಾಟಲಿ ಸಿಕ್ಕಿತೆಂದೂ, ಅದೇ ತನ್ನನ್ನು ಸೈಕಲ್ಲಿನ ಕಡೆಗೆ ಎಳೆದುತಂದಿತೆಂದೂ ಅದರಲ್ಲಿ ತಿಳಿಸಿದನು. ಸವಾರರೂ ಅಭಿಮಾನಿಗಳೂ ಒಂದಾಗಿ ದನಿಯೆತ್ತಿದ ಮೇಲೆ ಒಕ್ಕೂಟವು ಅದೇ ತಿಂಗಳಿನಲ್ಲಿ ಶಿಕ್ಷೆಯನ್ನು ಸಡಿಲಿಸಿತು. ಇದು ಸವಾರನ ಕೈಯಿಂದ ಪ್ರೇಕ್ಷಕನ ಕಡೆಗೆ ಬಂದ ಬಾಟಲಿ.

ಇನ್ನೊಂದು ಬಾಟಲಿ ಪ್ರೇಕ್ಷಕನ ಕೈಯಿಂದ ಸವಾರನ ಕಡೆಗೆ ಹೋದುದು. ನಾವು ಮೊಬೈಲಿನಲ್ಲಿ ನೋಡುತ್ತಿದ್ದ 2025ರ ಪಂದ್ಯದಲ್ಲಿ, ನೆದರ್ಲೆಂಡಿನ ಮಾಥ್ಯೂ ವ್ಯಾನ್ ಡರ್ ಪೂಲ್ ಒಬ್ಬನೇ ಮುಂದೆ ಹೋಗುತ್ತಿದ್ದನು. 2023, 2024ರಲ್ಲಿ ಗೆದ್ದಿದ್ದ ಅವನು ಮೂರನೆಯ ಗೆಲುವಿನ ಹಾದಿಯಲ್ಲಿದ್ದನು. ಕಲ್ಲುದಾರಿಯ ಬದಿಯಲ್ಲಿ ನಿಂತಿದ್ದ ಒಬ್ಬನು ತುಂಬಿದ ಬಾಟಲಿಯನ್ನು ಅವನ ಮುಖಕ್ಕೆ ಬೀಸಿ ಎಸೆದನು. ಸವಾರನು ಬೀಳಲಿಲ್ಲವೆಂಬುದು ದೈವಕೃಪೆ. ಅವನು ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದನು. ಎಸೆದವನು ಅನಂತರ ತಾನಾಗಿಯೇ ಪೋಲೀಸರ ಮುಂದೆ ಹಾಜರಾದನು. ಹಿಂದಿನ ವರ್ಷವೂ ಅದೇ ಸವಾರನ ಚಕ್ರದ ಕಡೆಗೆ ಒಬ್ಬ ಮಹಿಳೆ ಟೋಪಿಯನ್ನು ಎಸೆದಿದ್ದಳು. ಕಲ್ಲುಗಳ ಮೇಲೆ ಆ ವೇಗದಲ್ಲಿ ಹ್ಯಾಂಡಲು ಒಂದಿಷ್ಟು ತಿರುಗಿದರೂ ಮೂಳೆ ಉಳಿಯುವುದಿಲ್ಲ. ಕಾರಣ ಕೇಳಿದರೆ, ಅವನು ತಮ್ಮ ಮೆಚ್ಚಿನವನನ್ನು ಪದೇ ಪದೇ ಸೋಲಿಸುತ್ತಾನೆ ಎಂಬುದಕ್ಕಿಂತ ದೊಡ್ಡ ಕಾರಣ ಯಾರಿಗೂ ಕಾಣುವುದಿಲ್ಲ.

ಬೇಲಿಯ ಪ್ರಶ್ನೆ

ಇಂಥ ಘಟನೆಗಳಾದಾಗ ಬೇಲಿ ಹಾಕಿರಿ, ಟಿಕೆಟ್ ಇಡಿರಿ, ಜನರನ್ನು ದೂರ ನಿಲ್ಲಿಸಿರಿ ಎಂಬ ಕೂಗು ಏಳುವುದು ಸ್ವಾಭಾವಿಕ. ಅರೆನ್‌ಬರ್ಗಿನಂಥ ಕಡೆಗಳಲ್ಲಿ ಈಗಾಗಲೇ ಕಟಕಟೆಗಳನ್ನು ಹಾಕುತ್ತಾರೆ. ಆದರೆ 260 ಕಿಲೋಮೀಟರು ದಾರಿಗೆ ಎರಡು ಬದಿಯೂ ಬೇಲಿ ಹಾಕುವುದು ಆಗುವ ಮಾತೇ? ಆದರೂ ಅದು ಆಗಬೇಕಾದ ಮಾತೇ?

ಜನರಿಲ್ಲದ ಪಂದ್ಯ ಹೇಗಿರುತ್ತದೆಂದು ನೋಡುವ ಅವಕಾಶ ಒಮ್ಮೆ ಒದಗಿತ್ತು. 2020ರಲ್ಲಿ ಕೋವಿಡ್ ರೋಗದ ಕಾರಣ ಪ್ಯಾರಿಸ್–ರೂಬೆ ನಡೆಯಲೇ ಇಲ್ಲ. ಅದುವರೆಗೆ ಎರಡು ಮಹಾಯುದ್ಧಗಳ ಕಾಲದಲ್ಲಿ ಮಾತ್ರ ಅದು ನಿಂತಿದ್ದಿತು. ಫ್ಲಾಂಡರ್ಸ್ ಪಂದ್ಯವನ್ನು ಅದೇ ವರ್ಷ ಅಕ್ಟೋಬರ್ 18ರಂದು ನಡೆಸಿದರು; ಆದರೆ ಪ್ರಸಿದ್ಧ ಏರುಗಳ ಬಳಿ ಜನರಿಗೆ ಪ್ರವೇಶವಿರಲಿಲ್ಲ. ಪಂದ್ಯವೇನೋ ರೋಚಕವಾಗಿಯೇ ಇದ್ದಿತು. ವ್ಯಾನ್ ಡರ್ ಪೂಲ್ ಮತ್ತು ಬೆಲ್ಜಿಯಂನ ವೌಟ್ ವ್ಯಾನ್ ಆರ್ಟ್ ಗೆಲುವಿನ ಗೆರೆಯವರೆಗೆ ಜೊತೆಯಾಗಿ ಬಂದು, ಕೂದಲೆಳೆಯಷ್ಟು ಅಂತರದಲ್ಲಿ ಮೊದಲನೆಯವನು ಗೆದ್ದನು. ಎಂದಿನ ದಿನಗಳಲ್ಲಿ ಕಿವಿ ಕಿವುಡಾಗುವಷ್ಟು ಗದ್ದಲವಿರುವ ಏರುಗಳಲ್ಲಿ ಅಂದು ಚೈನಿನ ಸದ್ದು, ಉಸಿರಿನ ಸದ್ದು. ಆ ಚಿತ್ರಗಳನ್ನು ಈಗ ನೋಡಿದರೂ ಮದುವೆಯ ಮನೆಯಲ್ಲಿ ಗಂಡುಹೆಣ್ಣು ಬಿಟ್ಟು ಬೇರೆ ಯಾರೂ ಇಲ್ಲದಂತೆ ತೋರುತ್ತದೆ. ಒಂದು ವರ್ಷದ ಮೇಲೆ, 2021ರ ಅಕ್ಟೋಬರ್ 3ರಂದು, ರೂಬೆಯಲ್ಲಿ ಪುರುಷರ ಪಂದ್ಯ ಮರಳಿ ನಡೆದಾಗ, 2002ರ ಅನಂತರ ಮೊದಲ ಬಾರಿಗೆ ಮಳೆ ಸುರಿದು ದಾರಿ ಕೆಸರಾಗಿತ್ತು. ಜನ ಆ ಕೆಸರಿನಲ್ಲಿಯೇ ನಿಂತು ಕಾದರು. ಮೊದಲ ಸಲವೇ ಈ ಪಂದ್ಯಕ್ಕೆ ಬಂದು ಗೆದ್ದ ಇಟಲಿಯ ಸೊನ್ನಿ ಕೋಲ್‌ಬ್ರೆಲ್ಲಿ ವೆಲೊಡ್ರೋಮಿನ ಹುಲ್ಲಿನ ಮೇಲೆ ಬಿದ್ದು ಅತ್ತನು. ಅವನ ಮುಖದಲ್ಲಿ ಕೆಸರು ಯಾವುದು ಕಣ್ಣೀರು ಯಾವುದು ತಿಳಿಯುವಂತಿರಲಿಲ್ಲ.

ಆದುದರಿಂದ ಈ ಪ್ರಶ್ನೆಗೆ ನನಗೆ ತೋರುವ ಉತ್ತರವಿಷ್ಟು. ಅಪಾಯವಿರುವ ಕೆಲವು ಕಡೆ ಬೇಲಿ ಬೇಕು. ತಪ್ಪು ಮಾಡಿದವನಿಗೆ ಶಿಕ್ಷೆಯೂ ಬೇಕು. ಆದರೆ ಎಲ್ಲ ಕಡೆಯ ಬೇಲಿ ಈ ಆಟವನ್ನು ಕೊಂದುಬಿಡುತ್ತದೆ. ಸವಾರನು ಅಪರಿಚಿತರಾದ ಸಾವಿರಾರು ಜನರ ನಡುವೆ, ಕೈಗೆಟುಕುವ ದೂರದಲ್ಲಿ, ತಲೆ ತಗ್ಗಿಸಿ ಹಾದುಹೋಗುತ್ತಾನೆ. ಅವರು ತನಗೆ ಕೇಡು ಮಾಡಲಾರರು ಎಂಬ ನಂಬಿಕೆಯೇ ಅವನಿಗಿರುವ ರಕ್ಷೆ. ಟಿಕೆಟ್ ಇಲ್ಲದ ಈ ಪ್ರೇಕ್ಷಕನು ತೆರಬೇಕಾದ ಬೆಲೆ ಆ ನಂಬಿಕೆಯನ್ನು ಉಳಿಸಿಕೊಳ್ಳುವುದು. ಸಾವಿರಾರು ಜನ ಆ ಬೆಲೆಯನ್ನು ಪ್ರತಿ ವರ್ಷವೂ ತೆರುತ್ತಾರೆ; ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ತೆರದ ಒಬ್ಬನು ಮಾತ್ರ ಸುದ್ದಿಯಾಗುತ್ತಾನೆ, ಮತ್ತು ಎಲ್ಲರ ಹಕ್ಕಿಗೂ ಸಂಚಕಾರ ತರುತ್ತಾನೆ.

ಈ ವಿಚಾರ ಫ್ರಾನ್ಸು ಬೆಲ್ಜಿಯಂಗಳಿಗೆ ಮಾತ್ರ ಸೇರಿದುದಲ್ಲ. ನಮ್ಮ ರಸ್ತೆಗಳಲ್ಲಿಯೂ ಸೈಕಲ್ ಪಂದ್ಯಗಳು ನಡೆಯುತ್ತವೆ. ಅಲ್ಲಿ ಬೇಲಿಗೆ ಹಣವಿಲ್ಲ, ಹೆಲಿಕಾಪ್ಟರಿಲ್ಲ. ನಾಯಿ, ಎತ್ತಿನ ಗಾಡಿ, ಅವಸರದ ಮೋಟಾರು ಸೈಕಲ್ಲು ಇವೆಲ್ಲವುಗಳಿಂದ ಸವಾರನನ್ನು ಕಾಯಬೇಕಾದವರು ದಾರಿಬದಿಯಲ್ಲಿ ನಿಂತ ನಾವೇ. ಮುಂದಿನ ಸಲ ಅಂಥ ಪಂದ್ಯ ನಮ್ಮ ಊರಿನ ಮೇಲೆ ಹಾಯ್ದರೆ, ಕೂಡುದಾರಿಯಲ್ಲಿ ಬಾವುಟ ಹಿಡಿದು ನಿಲ್ಲಲು ನಮ್ಮ ಕಾಲೇಜಿನ ಹತ್ತು ಮಂದಿ ಮುಂದೆ ಬಂದರೆ ಸಾಕು. ನನ್ನ ಗೆಳೆಯನಿಗೆ ಈ ಮಾತು ಹೇಳಿದಾಗ ಅವನು ನಕ್ಕು, “ಬಾವುಟದ ಕೂಡ ಒಂದು ಕೊಡ ನೀರನೂ ತರ್ರಿ” ಎಂದನು. ಅದನ್ನೂ ತರುವೆವೆಂದು ಅವನಿಗೆ ಮಾತು ಕೊಟ್ಟಿದ್ದೇನೆ.